ತಮ್ಮನ ಆರು, ಅಣ್ಣನ ಏಳು

ತಮ್ಮನ ಕಾಗದದ ತುಂಬ ಆರುಗಳೇ ಇದ್ದವು. ನೋಡಬೇಕೆಂದು ಅಣ್ಣ ನೋಡಿದ್ದಲ್ಲ. ಇಬ್ಬರ ಮನೆತನದ ಹೆಸರೂ ಒಂದೇ ಆದ್ದರಿಂದ ಆಸ್ಪತ್ರೆಯ ಸಿಸ್ಟರ್ ಎರಡು ಕಾಗದಗಳನ್ನೂ ಒಂದೇ ರಟ್ಟಿಗೆ ಸಿಕ್ಕಿಸಿದ್ದಳು. ತಮ್ಮ ತನ್ನದನ್ನು ತುಂಬಿ ಮುಗಿಸಿದ ಮೇಲೆ ರಟ್ಟನ್ನು ಹಾಗೇ ತಂದು ಅಣ್ಣನ ತೊಡೆಯ ಮೇಲಿಟ್ಟು ಹೋಗಿದ್ದಳು. ನೋಡಬೇಕೆಂದು ನೋಡಿದ್ದಲ್ಲ ಅನ್ನುವ ಮಾತು ಮೊದಲ ಪುಟಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯ ಪುಟವನ್ನು ಅವನೇ, ಕೆಮ್ಮು ಬಂದವನಂತೆ ನಟಿಸಿ, ಬೆರಳ ತುದಿಯಿಂದ ಎತ್ತಿ ನೋಡಿದ್ದ. ಒಟ್ಟು ಮೂವತ್ತೆರಡು ಪ್ರಶ್ನೆ. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗಿನ ಒಂದು ಅಂಕಿಗೆ ಸುತ್ತು ಹಾಕಬೇಕು. ಒಂದು ಅಂದರೆ ಬದುಕೇ ಬೇಡ ಅನ್ನಿಸುವಷ್ಟು ತೊಂದರೆ, ಏಳು ಅಂದರೆ ತೊಂದರೆಯ ಸುಳಿವೇ ಇಲ್ಲ. ಈ ಎರಡು ವಾರದಲ್ಲಿ ಹೊಟ್ಟೆ ನುಲಿದು ಕೆಲಸ ನಿಂತದ್ದುಂಟೇ? ತಮ್ಮ: ಆರು. ಶೌಚಾಲಯ ಹತ್ತಿರದಲ್ಲಿಲ್ಲ ಎಂಬ ಭಯಕ್ಕೆ ಪ್ರಯಾಣ ಬಿಟ್ಟದ್ದುಂಟೇ? ತಮ್ಮ: ಆರು. ಬೆಳಿಗ್ಗೆ ಎದ್ದಾಗ ಮೈಯಲ್ಲಿ ತ್ರಾಣವಿರುತ್ತದೆಯೇ? ಆರು. ಆರು, ಆರು, ಆರು. ಇಪ್ಪತ್ತೊಂಬತ್ತನೆಯ ಪ್ರಶ್ನೆಗೆ ಮಾತ್ರ ಒಂದು ನಾಲ್ಕು ಬಿದ್ದಿತ್ತು. ಆ ನಾಲ್ಕನ್ನು ಕಂಡು ಅವನಿಗೆ ಎಷ್ಟು ಹಿತವಾಯಿತೆಂದರೆ, ಪ್ರಶ್ನೆ ಏನೆಂದು ಓದುವ ಗೋಜಿಗೂ ಹೋಗದೆ ಪುಟವನ್ನು ಕೆಳಗೆ ಬಿಟ್ಟ.

ಔಷಧ ಕೊಡುವ ಆ ಕೋಣೆಯಲ್ಲಿ ಒರಗು ಕುರ್ಚಿಗಳು ನಾಲ್ಕು. ಎಂಟು ವಾರಕ್ಕೊಮ್ಮೆ ಬಂದು, ಎರಡು ಗಂಟೆ ಕಾಲ ತೋಳಿನೊಳಕ್ಕೆ ಹನಿ ಹನಿಯಾಗಿ ಔಷಧ ಇಳಿಸಿಕೊಂಡು ಹೋಗಬೇಕು. ಶೌಚಾಲಯದ ಬಾಗಿಲಿಗೆ ತಾಗಿದ ಕುರ್ಚಿಯಲ್ಲಿ ಅವನು ಯಾವಾಗಲೂ ಕೂರುತ್ತಿದ್ದ. ಆದರೆ ಅದನ್ನು ಅವನು ಕೇಳಿ ಪಡೆಯುತ್ತಿರಲಿಲ್ಲ. ಬೇಗ ಬಂದು, ಸುಮ್ಮನೆ ಕಣ್ಣಿಗೆ ಬಿದ್ದದ್ದರಲ್ಲಿ ಕೂತವನಂತೆ ಕೂತುಬಿಡುತ್ತಿದ್ದ. ಇವತ್ತು ರೈಲು ತಡವಾಗಿ ಅವನು ಏದುಸಿರು ಬಿಡುತ್ತ ಒಳಗೆ ಬಂದಾಗ ಹೊಸ ರೋಗಿಯೊಬ್ಬರು ಅದರಲ್ಲಿ ಕೂರಲು ಬಗ್ಗುತ್ತಿದ್ದರು. ಕಿಟಕಿಯ ಪಕ್ಕದ ಕುರ್ಚಿಯಿಂದ ತಮ್ಮ ಕೋಣೆಗೆಲ್ಲ ಕೇಳುವಂತೆ, "ಸಾರ್, ಅದು ಅಣ್ಣಂದು, ಅಣ್ಣಂಗೆ ಬಾಗಿಲ ಹತ್ರಾನೇ ಬೇಕು," ಅಂದ. ಆ ಮನುಷ್ಯ "ಅಯ್ಯೋ, ಕೂತ್ಕೊಳ್ಳಿ ಕೂತ್ಕೊಳ್ಳಿ," ಎಂದು ಹಾವು ಕಂಡವರ ಹಾಗೆ ಹಿಂದೆ ಸರಿದರು. ಕೂತ. ಅಣ್ಣನಿಗೆ ಕೂರದೆ ಉಪಾಯವಿರಲಿಲ್ಲ. ತಮ್ಮ ಕಿಟಕಿಯ ಪಕ್ಕ ಕಾಲ ಮೇಲೆ ಕಾಲು ಹಾಕಿ, ಸೂಜಿ ಚುಚ್ಚಿಸಿಕೊಂಡ ಕೈಯನ್ನು ಯಾರದೋ ಸಾಮಾನು ಅನ್ನುವಂತೆ ಪಕ್ಕಕ್ಕಿಟ್ಟು, ಇನ್ನೊಂದು ಕೈಯಲ್ಲಿ ಬ್ರೆಡ್ಡು ತಿನ್ನುತ್ತಿದ್ದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕದೆ ಬಂದಿದ್ದ ಅಣ್ಣ ಆ ಬ್ರೆಡ್ಡನ್ನು, ಅದರ ಮೇಲಿನ ಬೆಣ್ಣೆಯನ್ನು, ತುಟಿಯಂಚಿಗೆ ಅಂಟಿದ ಪುಡಿಯನ್ನು ನೋಡಿದ. ಬೆಣ್ಣೆ ತಿನ್ನುತ್ತಿದ್ದಾನೆ, ಅದೂ ಪ್ರಯಾಣದ ದಿನ.

ಕಾಯಿಲೆ ಮೊದಲು ಬಂದದ್ದು ತನಗೆ. ಒಂಬತ್ತು ವರ್ಷದ ಹಿಂದೆ, ಕರುಳಿನೊಳಗೆ ಹುಣ್ಣು, ರಕ್ತ, ಒಂದೇ ದಿನಕ್ಕೆ ಹದಿನೈದು ಸಲ. ಆ ಕಾಲದಲ್ಲಿ ಇಂಥ ಕಾಯಿಲೆಯಿದೆ ಎಂದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ "ಖಾರ ಕಡಿಮೆ ಮಾಡು" ಅಂದಳು, ಅಷ್ಟೆ. ನುಂಗಿದ ಮಾತ್ರೆಗಳಿಗೆ ಮುಖ ಊದಿ ಗುಂಡಗಾಗಿ, ಅಂಗಡಿಗೆ ಬಂದ ಗಿರಾಕಿಗಳು "ಒಳ್ಳೆ ಮೈ ಹಿಡಿದಿದೀರಿ" ಎಂದು ಹೊಗಳಿದರು. ಆರು ವರ್ಷ ಒಬ್ಬನೇ ಅನುಭವಿಸಿದ. ಆಮೇಲೆ ತಮ್ಮನಿಗೆ ಬಂತು. ಅಣ್ಣನ ಅಂಗಿ, ಅಣ್ಣನ ಸೈಕಲ್ಲು, ಅಣ್ಣ ಹಾಕಿಟ್ಟ ಮನೆಪಾಠದ ಲೆಕ್ಕ, ಯಾವುದನ್ನೂ ಬಿಡದೆ ಎತ್ತಿಕೊಂಡು ಹೋಗುತ್ತಿದ್ದವನು ಕಡೆಗೆ ಇದನ್ನೂ ಬಿಡಲಿಲ್ಲ. ಅಮ್ಮ ಆಗ ಅತ್ತಳು. ಫೋನಿನಲ್ಲಿ ಅವನ ಹತ್ತಿರವೇ ಅತ್ತಳು, "ನಿನಗಾದ್ರೆ ಅಭ್ಯಾಸ ಆಗಿದೆ ಕಣೋ, ಅವನು ಹೇಗೆ ತಡ್ಕೋತಾನೆ?" ಎಂದು. ಅವನು ಸಮಾಧಾನ ಮಾಡಿದ. ಇದೇ ಡಾಕ್ಟರ ಹತ್ತಿರ, ಇದೇ ಕೋಣೆಗೆ, ಕೈಹಿಡಿದು ತಾನೇ ತಮ್ಮನನ್ನು ಕರೆತಂದ. ಇಬ್ಬರಿಗೂ ಒಂದೇ ಔಷಧ. ತಮ್ಮ ಮೂರನೆಯ ಸಲಕ್ಕೆ ಚೇತರಿಸಿಕೊಂಡು, ಡಿಪೋದ ಮೇಜಿನ ಕೆಲಸ ಬಿಟ್ಟು ಮತ್ತೆ ಬಸ್ಸಿನ ಚಕ್ರ ಹಿಡಿದ. ಅದೂ ದೂರದ ರೂಟು. ಅಣ್ಣನಿಗೂ ಮೊದಲ ವರ್ಷ ಔಷಧ ಹಿಡಿಯಿತು. ಮದುವೆಯ ಮನೆಯಲ್ಲಿ ಊಟ ಮಾಡಿ ಕೈತೊಳೆದು ಹರಟೆ ಹೊಡೆದದ್ದೂ ಉಂಟು. ಈಗ ನಾಲ್ಕು ಸಲದಿಂದ, ಆರನೆಯ ವಾರ ಮುಟ್ಟುತ್ತಲೇ ಔಷಧದ ಬಲ ಇಳಿಯುತ್ತಿದೆ. ಉಳಿದ ಎರಡು ವಾರ ಅವನು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ನಡುವೆ ಎಲ್ಲಿ ಬಾಗಿಲು ತಟ್ಟಬಹುದು ಎಂದು ನೋಡಿಕೊಂಡು ಬದುಕುತ್ತಾನೆ.

ಕನ್ನಡಕದ ಅಂಗಡಿ ಅವನದು. ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಯಲ್ಲಿ ಗಿರಾಕಿಯ ಮೂಗಿನ ಮೇಲೆ ದೊಡ್ಡ ಚೌಕಟ್ಟು ಕೂರಿಸಿ, ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿದೆಯೋ, ಇದೋ?" ಎಂದು ದಿನಕ್ಕೆ ನೂರು ಸಲ ಕೇಳುವುದು ಅವನ ಕೆಲಸ. ಹೋದ ವಾರ ಹಾಗೆ ಕೇಳುತ್ತಿರುವಾಗಲೇ ಹೊಟ್ಟೆ ಹಿಂಡಿತು. ಕೈಯಲ್ಲಿದ್ದ ಗಾಜನ್ನು ಜೇಬಿಗೆ ಹಾಕಿಕೊಂಡೇ ಓಡಿದ. ಕಾಲು ಗಂಟೆಯ ಮೇಲೆ, ಸ್ಟೀಲಿನ ಡ್ರಾಯರಿನಲ್ಲಿ ಗಾಜೊರೆಸುವ ಬಟ್ಟೆಗಳ ಕೆಳಗೆ ಮಡಿಸಿಟ್ಟಿರುವ ಇನ್ನೊಂದು ಪ್ಯಾಂಟು ಹಾಕಿಕೊಂಡು ಬಂದು ನೋಡಿದರೆ, ಗ್ರಂಥಾಲಯದಲ್ಲಿ ಕೆಲಸ ಮಾಡುವ ಆ ಗಿರಾಕಿ ಹೆಂಗಸು ಕತ್ತಲಲ್ಲೇ, ಒಂದು ಕಣ್ಣಿಗೆ ಗಾಜು ಒಂದು ಕಣ್ಣಿಗೆ ಬರಿಯ ತೂತು ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. "ಎರಡೂ ಒಂದೇ ಥರ ಕಾಣ್ತಿದೆ," ಎಂದಳು, ಅವನು ಹೋಗಿದ್ದೇ ಗೊತ್ತಿಲ್ಲದವಳ ಹಾಗೆ. ಆ ಮರ್ಯಾದೆ ಅವನನ್ನು ಬೈಗುಳಕ್ಕಿಂತ ಹೆಚ್ಚು ಕುಟುಕಿತು. ಅವಳೇ ಸರದಿಗೆ ಕಾಯುವಾಗ ಬಾಗಿಲ ಸಂದಿಯಿಂದ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡದ್ದು ಅವನಿಗೆ ಗೊತ್ತಿತ್ತು. ಬಹಳ ಜನ ಹಾಗೆ ಮಾಡುತ್ತಾರೆ. ಕಣ್ಣು ಕಾಣದಿದ್ದರೆ ಏನೋ ನಪಾಸಾದ ಹಾಗೆ. ಅಂಥವರಿಗೆ ಅವನು ನಗುತ್ತ ಹೇಳುವ ಮಾತೊಂದಿದೆ: "ಇದು ಪರೀಕ್ಷೆ ಅಲ್ಲಮ್ಮ. ಕಾಣದಿದ್ರೆ ಕಾಣಲ್ಲ ಅನ್ನಿ. ನೀವು ಸುಳ್ಳು ಹೇಳಿದ್ರೆ ನಾನು ಆ ಸುಳ್ಳಿಗೇ ಕನ್ನಡಕ ಮಾಡ್ಕೊಡಬೇಕಾಗುತ್ತೆ." ಅವಳಿಗೂ ಹೇಳಿದ್ದ. ನಕ್ಕು ಹೇಳಿದ್ದ, ಬದಲಿಸಿದ ಪ್ಯಾಂಟಿನಲ್ಲಿ ನಿಂತು.

ಅಂಗಿಯ ಜೇಬಿನಲ್ಲಿ ಹೆಂಡತಿಯ ಚೀಟಿ ಇತ್ತು. ಬೆಳಿಗ್ಗೆ ಅವಳೇ ಇಟ್ಟು, ಜೇಬಿನ ಗುಂಡಿ ಹಾಕಿ ಕಳಿಸಿದ್ದಳು. ರೈಲಿನಲ್ಲಿ ನಾಲ್ಕು ಸಲ ತೆಗೆದು ಓದಿದ್ದ. "ಆರನೇ ವಾರದಿಂದ ದಿನಕ್ಕೆ ಒಂಬತ್ತು ಸಲ. ರಕ್ತ ಇದೆ. ನಾಲ್ಕು ಕಿಲೋ ಇಳಿದಿದ್ದಾರೆ. ಔಷಧ ಹತ್ತಿರ ಹತ್ತಿರ ಕೊಡಿ, ಇಲ್ಲಾ ಬದಲಾಯಿಸಿ." ಕೊನೆಯ ಸಾಲು ಡಾಕ್ಟರಿಗಲ್ಲ, ಅವನಿಗೆ: "ಮುಚ್ಚಿಡಬೇಡಿ." ಇವತ್ತು ಅದನ್ನೇ ಹೇಳಬೇಕೆಂದು ಅವನು ಬಂದದ್ದು. ಕಾಗದದಲ್ಲಿ ಒಂದು, ಎರಡು ಎಂದು ನಿಜ ಬರೆದು, ಡಾಕ್ಟರು ಕೇಳಿದರೆ ಚೀಟಿ ಕೊಟ್ಟುಬಿಡುವುದೆಂದು ತೀರ್ಮಾನವಾಗಿತ್ತು. ಅದು ಆಗದಿದ್ದರೆ ಮುಂದೇನೆಂದೂ ಅವನಿಗೆ ಗೊತ್ತಿತ್ತು. ಹುಣ್ಣು ಹೀಗೇ ಏರಿದರೆ ಕರುಳನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹಿಂದೊಮ್ಮೆ ಗೋಡೆಯ ಚಿತ್ರದ ಮೇಲೆ ಪೆನ್ನಿಟ್ಟು ತೋರಿಸಿದ್ದರು. ಆದರೆ ಚೀಟಿ ಬರೆದ ಹೆಂಡತಿಯೇ ಮೊನ್ನೆ, ತಮ್ಮ ಬಂದು ಮಂಚ ಎತ್ತಿ ಆಚೆ ಕೋಣೆಗೆ ಸಾಗಿಸಿಕೊಟ್ಟು ಹೋದ ಮೇಲೆ, "ಅವನಿಗೆ ಹಿಡಿದ ಔಷಧ ನಿಮಗ್ಯಾಕೆ ಹಿಡೀತಿಲ್ಲ?" ಅಂದಿದ್ದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಔಷಧ ಇಬ್ಬರಿಗೂ ಒಂದೇ ಆದ್ದರಿಂದ, ತಪ್ಪು ತೆಗೆದುಕೊಂಡವನದೇ ಇರಬೇಕು ಅನ್ನುವ ಹಾಗೆ ಅವನಿಗೆ ಕೇಳಿಸಿತು. ಮಂಚ ಇನ್ನೂ ತಮ್ಮ ಇಟ್ಟ ಜಾಗದಲ್ಲೇ ಇದೆ. ಅದರ ಮೇಲೆ ಮಲಗಿದಾಗೆಲ್ಲ ಅವನಿಗೆ ತಮ್ಮನ ತೋಳು ನೆನಪಾಗುತ್ತದೆ.

ರಟ್ಟಿನ ಮೇಲೆ ತನ್ನ ಕಾಗದ ಖಾಲಿಯಿತ್ತು. ಅವನು ಮೊದಲ ಪ್ರಶ್ನೆಯ ಒಂದರ ಮೇಲೆ ಪೆನ್ನು ಇಟ್ಟ. ಆ ಹೊತ್ತಿಗೆ ಸರಿಯಾಗಿ ತಮ್ಮ ಸಿಸ್ಟರಿಗೆ ಏನೋ ಹೇಳಿದ, ಅವಳು ನಕ್ಕಳು. ಒಂಬತ್ತು ವರ್ಷದಲ್ಲಿ ಅವಳು ತನ್ನ ಮಾತಿಗೆ ಒಂದು ಸಲವೂ ನಕ್ಕದ್ದಿಲ್ಲ, ತನ್ನೆದುರು ಅವಳು ಯಾವಾಗಲೂ ತಲೆ ಓರೆ ಮಾಡಿ, ದನಿ ತಗ್ಗಿಸಿ, "ಹೇಗಿದೀರಿ?" ಅನ್ನುತ್ತಾಳೆ. ಎರಡು ಕಾಗದವೂ ಹೋಗುವುದು ಒಂದೇ ಮೇಜಿಗೆ, ಒಂದೇ ರಟ್ಟಿನಲ್ಲಿ. ಅವಳು ಒಂದರ ಮೇಲೊಂದು ಇಟ್ಟು ಕೂಡುತ್ತಾಳೆ. ಅಣ್ಣ ಇಷ್ಟು, ತಮ್ಮ ಇಷ್ಟು. ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರಿಡಲು ಅವನು ಹೆದರಲಿಲ್ಲ. ನಲವತ್ತಾರನೆಯ ವಯಸ್ಸಿಗೆ ಅಷ್ಟು ಪ್ರಾಮಾಣಿಕತೆ ಅವನಲ್ಲಿತ್ತು. ಇಲ್ಲದ್ದು, ಅದನ್ನು ತಡೆಯುವ ಶಕ್ತಿ. ಪೆನ್ನು ಒಂದರಿಂದ ಜಾರುತ್ತ ಜಾರುತ್ತ ಆರನ್ನು ದಾಟಿ ಏಳಕ್ಕೆ ಹೋಗಿ ಸುತ್ತು ಹಾಕಿತು. ಎರಡನೆಯದಕ್ಕೆ ಮನಸ್ಸು ಅಷ್ಟು ಅಳುಕಲಿಲ್ಲ. ಹತ್ತಕ್ಕೆ ಬರುವ ಹೊತ್ತಿಗೆ ಕೈ ಪಳಗಿ, ಎಲ್ಲಕ್ಕೂ ಏಳಿದ್ದರೆ ಅನುಮಾನ ಬಂದೀತೆಂದು ಅಲ್ಲಲ್ಲಿ ಮೂರು ಐದುಗಳನ್ನು ಹಾಕುವ ಚಾಲಾಕಿಯೂ ಬಂತು. ಕೊನೆಕೊನೆಗೆ ಪ್ರಶ್ನೆ ಓದುವುದನ್ನೂ ಬಿಟ್ಟ. ಮುಗಿಸಿದಾಗ, ಹಿಂದೆ ಯಾವಾಗಲೋ ಶಾಲೆಯ ಜಗಲಿಯಲ್ಲಿ ಅಂಕಪಟ್ಟಿ ಹಿಡಿದು ನಿಂತಾಗ ಆದಂಥ ಸಣ್ಣ ಸುಖ ಎದೆಯಲ್ಲಿ ಓಡಾಡಿತು. ಆಮೇಲೆ ಹೊಟ್ಟೆ ಹಿಂಡಿತು, ಔಷಧ ತೂಗುಹಾಕಿದ ಕಂಬವನ್ನು ತಳ್ಳಿಕೊಂಡು ಎದ್ದುಹೋದ. ಬಾಗಿಲು ಎರಡೇ ಹೆಜ್ಜೆ.

ಡಾಕ್ಟರು ಹನ್ನೊಂದೂವರೆಗೆ ಬಂದರು. ಕೈಯಲ್ಲಿ ಎರಡೂ ಕಾಗದ.

"ಇನ್ನೂರ ಹದಿನೆಂಟು!" ಅಂದರು ಅವನನ್ನು ನೋಡಿ. "ಭೇಷ್. ತಮ್ಮಂದು ನೂರ ತೊಂಬತ್ತು. ಅಣ್ಣ ಗೆದ್ದುಬಿಟ್ರಲ್ರೀ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಮ್ಮ ತಲೆಯೆತ್ತಿದ. ಆ ತಲೆ ಎತ್ತಿದ್ದನ್ನು ಅವನು ಕಣ್ಣಂಚಿನಲ್ಲೇ ಸವಿದ.

"ನಾನು ಇವತ್ತು ನಿಮಗೆ ಆರು ವಾರಕ್ಕೊಂದು ಸಲ ಮಾಡೋಣ ಅಂತಿದ್ದೆ. ಹೋದ ಸಲ ಸ್ವಲ್ಪ ಸೊರಗಿದ್ರಿ. ರಕ್ತದ ರಿಪೋರ್ಟು ತೀರ ಕೆಟ್ಟದಾಗೇನೂ ಇಲ್ಲ. ಮಲದ ಪರೀಕ್ಷೆಗೆ ಕೊಟ್ಟಿಲ್ವಾ?"

"ಡಬ್ಬಿ ಮನೇಲಿ ಮರ್ತು ಬಂದೆ ಡಾಕ್ಟ್ರೇ." ಮರೆತಿರಲಿಲ್ಲ. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಜನರ ನಡುವೆ ಕೂರುವುದಕ್ಕೆ ಮನಸ್ಸಾಗಿರಲಿಲ್ಲ.

"ಮುಂದಿನ ಸಲ ತನ್ನಿ. ಇಷ್ಟು ಚೆನ್ನಾಗಿರೋವಾಗ ಹತ್ತಿರ ಮಾಡೋದು ಬೇಡ. ಬೇಕಿದ್ರೆ ದೂರಾನೇ ಮಾಡೋಣ. ಹತ್ತು ವಾರ. ಒಪ್ಪಿಗೇನಾ?"

ಜೇಬಿನ ಗುಂಡಿ ಬೆರಳಿಗೆ ಸಿಕ್ಕಿತು. ಈಗ ತೆಗೆದು ಕೊಟ್ಟರೆ ಮುಗಿಯಿತು. ಎಂಟು ವಾರವೇ ತಡೆಯುತ್ತಿಲ್ಲ. ಹತ್ತು ಅಂದರೆ ನಾಲ್ಕು ವಾರ ರಕ್ತ. ತಮ್ಮ ನೋಡುತ್ತಿದ್ದ. ಬ್ರೆಡ್ಡು ಅಗಿಯುವುದನ್ನೂ ನಿಲ್ಲಿಸಿ ನೋಡುತ್ತಿದ್ದ.

"ಒಪ್ಪಿಗೆ," ಅಂದ ಅವನು.

"ನಿಮಗೆ ಎಂಟೇ ಇರ್ಲಿ," ಅಂದರು ಡಾಕ್ಟರು ತಮ್ಮನಿಗೆ, ಮತ್ತು ಹೊರಟುಹೋದರು. ಸುಳ್ಳಿನ ಅಳತೆಗೆ ಸರಿಯಾಗಿ ಕನ್ನಡಕ ಸಿದ್ಧವಾಗಿತ್ತು. ಸಿಸ್ಟರ್ ಹೊಸ ತಾರೀಖನ್ನು ಅವನ ಕಾರ್ಡಿನ ಮೇಲೆ ಬರೆದು, ದಿನಗಳನ್ನು ಬೆರಳಲ್ಲಿ ಎಣಿಸಿ, ಸರಿಯಿದೆ ಎಂದು ಕೆಳಗೆ ಗೀಟು ಎಳೆದಳು.

ತೋಳಿಗೆ ಹತ್ತಿ ಒತ್ತಿಕೊಂಡು ಇಬ್ಬರೂ ಮೆಟ್ಟಿಲಿಳಿದರು. ಕೆಳಗಿನ ಮೆಟ್ಟಿಲಿಗೆ ಬಂದ ಮೇಲೆ ತಮ್ಮ, "ಹತ್ತು ವಾರ ಆಗುತ್ತಾ ಅಣ್ಣ ನಿಂಗೆ?" ಅಂದ. "ಯಾಕಾಗಬಾರ್ದು?" ಎಂದು ಅವನು ತಿರುಗಿ ಕೇಳಿದ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ತಮ್ಮ ಚಪ್ಪಲಿಯ ತುದಿ ನೋಡಿಕೊಂಡ. ಆಮೇಲೆ ಮುಖವೆತ್ತಿ, ಮೊದಲಿನ ಹುರುಪು ಎಲ್ಲಿಂದಲೋ ತಂದುಕೊಂಡು ಅಂದ: "ಸರಿ ಹಾಗಾದ್ರೆ, ಇವತ್ತು ಆ ಆಮೆ ರೈಲು ಬೇಡ. ಮೂರು ಗಂಟೆ ಗಾಡಿ ನಂದೇ. ಡಾಕ್ಟ್ರನ್ನ ಕೇಳಿದೀನಿ, ಔಷಧ ಏರಿಸ್ಕೊಂಡ ದಿನ ಓಡಿಸ್ಬಹುದು ಅಂದಿದಾರೆ. ಎರಡೂವರೆ ಗಂಟೇಲಿ ಮನೇಲಿರ್ತೀಯ. ಬಾ." ರೈಲು ಅದೇ ದಾರಿಗೆ ನಾಲ್ಕೂವರೆ ಗಂಟೆ ತೆಗೆದುಕೊಳ್ಳುತ್ತಿತ್ತು. ಆದರೆ ರೈಲಿನಲ್ಲಿ ಪ್ರತಿ ಡಬ್ಬಿಯ ಎರಡೂ ತುದಿಗೆ ಶೌಚಾಲಯವಿದೆ. ಅದೊಂದೇ ಕಾರಣಕ್ಕೆ ಅವನು ಒಂಬತ್ತು ವರ್ಷದಿಂದ ಈ ಊರಿಗೆ ಬಸ್ಸು ಹತ್ತಿದವನಲ್ಲ. ತಮ್ಮನ ಬಸ್ಸಿನಲ್ಲಿ ಇನ್ನೂ ಒಂದು ಸಲವೂ ಕೂತಿರಲಿಲ್ಲ. ಕೆಲಸ, ಬಿಡುವಿಲ್ಲ, ಗಿರಾಕಿ ಕಾಯುತ್ತಾರೆ ಎಂದು ಏನೋ ಒಂದು ಹೇಳಿ ಜಾರಿಕೊಂಡಿದ್ದ. ಇನ್ನೂರ ಹದಿನೆಂಟು ಅಂಕ ತೆಗೆದವನು ಇವತ್ತು ಏನೆಂದು ಹೇಳಿ ಜಾರಿಕೊಳ್ಳಬೇಕು? "ಬರ್ತೀನಿ ನಡಿ," ಅಂದ.

ಹೊರಡುವ ಮುಂಚೆ ಬಸ್ಸುನಿಲ್ದಾಣದ ಶೌಚಾಲಯಕ್ಕೆ ಮೂರು ಸಲ ಹೋಗಿಬಂದ. ಮೂರನೆಯ ಸಲ, ಎರಡು ಸಲ ಚಿಲ್ಲರೆ ಕೊಟ್ಟದ್ದು ಸಾಕೆಂದು ಅಲ್ಲಿನ ಮುದುಕ ಏನೂ ಕೇಳದೆ ಬಿಟ್ಟ. ನೀರು ಕುಡಿಯಲಿಲ್ಲ. ತಮ್ಮ ಸಮವಸ್ತ್ರ ಹಾಕಿಕೊಂಡು ಬಂದಿದ್ದ. ಅದರಲ್ಲಿ ಅವನ ಭುಜ ಇನ್ನೂ ಅಗಲವಾಗಿ ಕಾಣುತ್ತಿತ್ತು. ತನ್ನ ಹಿಂದಿನ ಸೀಟನ್ನೇ, ಕನ್ನಡಿಗೆ ನೇರವಾಗಿ ಕಾಣುವಂಥದ್ದನ್ನು, ಅಣ್ಣನಿಗೆ ಹಿಡಿದಿಟ್ಟಿದ್ದ. ಹತ್ತಿದವರೆಲ್ಲ ತಮ್ಮನನ್ನು ಮಾತಾಡಿಸುವವರೇ. ಒಬ್ಬಳು ಮುದುಕಿ ಅವನ ಕೆನ್ನೆ ತಟ್ಟಿ ಹೋದಳು. ಕಂಡಕ್ಟರಮ್ಮ ಟಿಕೆಟ್ಟು ಹರಿಯುತ್ತ, "ನೀವು ಅಣ್ಣನಾ? ಮುಖ ಹೋಲುತ್ತೆ, ನೀವು ಸ್ವಲ್ಪ ಬಾಡಿದೀರಿ ಅಷ್ಟೇ," ಅಂದಳು. ಬಸ್ಸು ಊರು ಬಿಟ್ಟು ಹೆದ್ದಾರಿಗೆ ಬಂದಾಗ ತಮ್ಮ ಗೇರು ಬದಲಾಯಿಸಿದ್ದು ಕೂತವರಿಗೆ ತಿಳಿಯಲೇ ಇಲ್ಲ, ಅಷ್ಟು ನಯ. ಎದುರಿಗೆ ಲಾರಿ ಬಂದರೆ ಅವಸರವಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದ. ಒಳ್ಳೆಯ ಡ್ರೈವರು ಅನ್ನುವುದು ನಿಜವಾಗಿತ್ತು, ಹಾಗಿರದಿದ್ದರೆ ಚೆನ್ನಾಗಿರುತ್ತಿತ್ತು. ನಲವತ್ತು ಜನ ತಮ್ಮ ಜೀವವನ್ನು ಈ ಬೆನ್ನಿಗೆ ಒಪ್ಪಿಸಿ ನಿದ್ದೆ ಹೋಗುತ್ತಿದ್ದಾರೆ. ತನ್ನ ಕತ್ತಲೆ ಕೋಣೆಯಲ್ಲಿ ಒಬ್ಬ ಹೆಂಗಸು ಕಾಲು ಗಂಟೆ ಕೂತದ್ದಕ್ಕೇ ತಾನು ಇನ್ನೂ ನಾಚಿಕೊಳ್ಳುತ್ತಿದ್ದೇನೆ.

ಬಸ್ಸು ಹೊರಟ ಒಂದು ಗಂಟೆ ಹತ್ತು ನಿಮಿಷಕ್ಕೆ ಶುರುವಾಯಿತು. ಮೊದಲು ಎಡಗಡೆ ಕೆಳಗೆ ಒಂದು ಸಣ್ಣ ಚಿವುಟು, ಆಮೇಲೆ ಬಟ್ಟೆ ಹಿಂಡಿದ ಹಾಗೆ. ಅವನು ಎರಡೂ ಕಾಲನ್ನು ಒತ್ತಿ ಕೂತು, ಅಂಗಡಿಯಲ್ಲಿ ಮಾಡುವ ಹಾಗೆ, ಗಾಜಿನ ಪವರುಗಳನ್ನು ಕಾಲು ಕಾಲು ಏರಿಸುತ್ತ ಮನಸ್ಸಿನಲ್ಲೇ ಎಣಿಸತೊಡಗಿದ. ಕಾಲು, ಅರ್ಧ, ಮುಕ್ಕಾಲು, ಒಂದು. ನಾಲ್ಕೂಕಾಲಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಒಂದು ಅಲೆ ಇಳಿಯುತ್ತದೆ. ಇಳಿಯಿತು. ಹೊರಗೆ ಬಯಲು, ಬೇಲಿ, ಒಂದು ಇಟ್ಟಿಗೆ ಗೂಡು, ಮತ್ತೆ ಬಯಲು. ರೈಲಿನ ದಾರಿಯಲ್ಲಿ ಯಾವ ನಿಲ್ದಾಣದಲ್ಲಿ ಯಾವ ಕಡೆ ಬಾಗಿಲು ಎಂದು ಬಲ್ಲವನಿಗೆ ಈ ರಸ್ತೆಯ ಒಂದು ಗೋಡೆಯೂ ಗುರುತಿಲ್ಲ. ಎರಡನೆಯ ಅಲೆಗೆ ಮೇಲ್ದುಟಿಯ ಮೇಲೆ ತಣ್ಣನೆ ಬೆವರು ಬಂತು. ನಿಲ್ಲಿಸು ಅಂತ ಒಂದು ಮಾತು ಸಾಕಿತ್ತು. ಕೈ ಚಾಚಿದರೆ ತಮ್ಮನ ಭುಜ. ಆ ಭುಜವನ್ನು ಮುಟ್ಟುವುದಕ್ಕಿಂತ ಸೀಟಿನಲ್ಲೇ ಆಗಿಹೋಗಲಿ ಎಂದು ಒಂದು ಕ್ಷಣ, ಒಂದೇ ಕ್ಷಣ, ಅವನು ನಿಜವಾಗಿ ಬಯಸಿದ. ತಲೆಯೆತ್ತಿದರೆ ಕನ್ನಡಿಯಲ್ಲಿ ತಮ್ಮನ ಕಣ್ಣು. ರಸ್ತೆಗೆ ಹೋಗಿ, ಮತ್ತೆ ತನ್ನ ಮುಖಕ್ಕೆ ಬಂದು, ಮತ್ತೆ ರಸ್ತೆಗೆ ಹೋಯಿತು.

ಬಸ್ಸು ವೇಗ ತಗ್ಗಿಸಿತು. ಎಡಕ್ಕೆ ತಿರುಗಿ ಒಂದು ಪೆಟ್ರೋಲ್ ಬಂಕಿನೊಳಗೆ ಹೋಗಿ, ಗಾಳಿ ತುಂಬಿಸುವ ಜಾಗದ ಹತ್ತಿರ ನಿಂತಿತು. ನಿದ್ದೆಯಿಂದ ಎದ್ದವರು ಕಿಟಕಿಯಿಂದ ಕತ್ತು ಚಾಚಿದರು. "ಏನಾಯ್ತಪ್ಪ? ಪಂಕ್ಚರಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ತಮ್ಮ ಎದ್ದು ನಿಂತು ಜನರ ಕಡೆಗೆ ತಿರುಗಿದ. "ಕ್ಷಮಿಸ್ಬೇಕು ಎಲ್ರೂ. ಐದೇ ನಿಮಿಷ. ನಂಗೆ ಹೊಟ್ಟೆ ಸರಿ ಇಲ್ಲ. ಕರುಳಿನ ಕಾಯಿಲೆ ನಂಗೆ, ಇವತ್ತೇ ಔಷಧಿ ಏರಿಸ್ಕೊಂಡು ಬಂದಿದೀನಿ. ಒಂದ್ಸಲ ಹೋಗ್ಬರ್ತೀನಿ. ಬೇರೆ ಯಾರಿಗಾದ್ರೂ ಹೋಗ್ಬೇಕಿದ್ರೆ ಅವ್ರೂ ಬನ್ನಿ, ನಾಚ್ಕೋಬೇಡಿ."

ಬೈಯುವವರು ಯಾರೂ ಇರಲಿಲ್ಲ. "ಪಾಪ," ಎಂದಳು ಕೆನ್ನೆ ತಟ್ಟಿದ್ದ ಮುದುಕಿ. "ಪಾಪ, ಇಂಥದ್ರಲ್ಲೂ ಗಾಡಿ ಓಡಿಸ್ತಾನೆ ನೋಡಿ," ಎಂದರು ಯಾರೋ. ಇಡೀ ಬಸ್ಸಿನ ಕರುಣೆ ಆ ಅಗಲ ಭುಜದ ಮೇಲೆ ಬಂದು ಕೂತಿತು. ದಾರಿ ತೆರೆದಿತ್ತು, ಅಣ್ಣ ಮಾಡಬೇಕಾದ್ದು ಇಷ್ಟೆ, "ಬೇರೆ ಯಾರಾದರೂ" ಆಗಿ, ತಲೆ ತಗ್ಗಿಸಿ ತಮ್ಮನ ಹಿಂದೆ ಇಳಿಯುವುದು. ಇಳಿಯಲು ಎದ್ದ. ಎದ್ದವನಿಗೆ ಹೊಟ್ಟೆಯ ಹಿಂಡುವಿಕೆಗಿಂತ ಮೊದಲು ಇನ್ನೊಂದು ಉರಿ ಗಂಟಲಿಗೆ ಬಂತು. ಒಂಬತ್ತು ವರ್ಷ ಇದನ್ನು ಡ್ರಾಯರಿನಲ್ಲಿ, ಬಟ್ಟೆಯ ಕೆಳಗೆ, ಹಲ್ಲುಕಚ್ಚಿ ಬಚ್ಚಿಟ್ಟವನು ತಾನು. ಒಬ್ಬರಿಂದಲೂ ಹೀಗೊಂದು "ಪಾಪ" ಕೇಳಿಸಿಕೊಂಡವನಲ್ಲ. ಹೊಟ್ಟೆಗೆ ಬೆಣ್ಣೆ ಬ್ರೆಡ್ಡು ಹಾಕಿಕೊಂಡು ಗಟ್ಟಿಮುಟ್ಟಾಗಿ ನಿಂತಿರುವ ಇವನು ಅದನ್ನೂ ಎತ್ತಿಕೊಂಡು ಹೋಗುತ್ತಿದ್ದಾನೆ. ತನ್ನ ನೋವನ್ನು, ತನ್ನ ಎದುರಿಗೇ.

"ಅವನಿಗಲ್ಲ," ಅಂದ. ದನಿ ಒಡೆದಿತ್ತು. ಇನ್ನೊಂದು ಸಲ, ಜೋರಾಗಿ ಅಂದ: "ಅವನಿಗೇನೂ ಆಗಿಲ್ಲ. ನಂಗೆ. ಕಾಯಿಲೆ ಜೋರಾಗಿರೋದು ನಂಗೆ. ತಡ್ಕೊಳ್ಳೋಕೆ ಆಗ್ತಿಲ್ಲ."

ಬಸ್ಸಿನ ತಲೆಗಳೆಲ್ಲ ಅವನ ಕಡೆ ತಿರುಗಿದವು. ಆಮೇಲೆ ಹಿಂದಿನ ಸೀಟಿನಿಂದ ಒಬ್ಬರು, "ಹಾಗಿದ್ರೆ ಭಾಷಣ ಯಾಕೆ ಸ್ವಾಮೀ, ಬೇಗ ಓಡಿ!" ಎಂದರು.

ಓಡಿದ. ತಮ್ಮ ಅವನಿಗಿಂತ ಮೊದಲೇ ಜಿಗಿದು, ಬಂಕಿನ ಕೋಣೆಯ ಮೊಳೆಯಿಂದ ಬೀಗದ ಕೈ ಕಿತ್ತು, ಬಾಗಿಲು ತೆಗೆದು ಹಿಡಿದು ನಿಂತಿದ್ದ. ಒಳಗೆ ಸ್ವಚ್ಛವಾಗಿತ್ತು, ನೀರಿತ್ತು. ಎಲ್ಲ ಆದ ಮೇಲೆ ಅವನು ಕೆಳಗೆ ನೋಡಿದ. ಕೆಂಪು. ದಿನವೂ ನೋಡುತ್ತಿದ್ದದ್ದೇ; ಆದರೆ ನಲವತ್ತು ಜನರ ಮುಂದೆ ಹೇಳಿದ ಮೇಲೆ ಅದು ಬೇರೆಯಾಗಿ ಕಂಡಿತು, ಅಳತೆ ಸರಿಯಾದ ಗಾಜು ಹಾಕಿದ ಹಾಗೆ. ಹೆದರಿಕೆಯಾಯಿತು. ಹತ್ತು ವಾರ ಎಂದು ತಾನೇ ಒಪ್ಪಿ ಬಂದಿದ್ದೇನೆ. ಜೇಬಿನ ಗುಂಡಿ ಬಿಚ್ಚಿ, ಕಾರ್ಡು ತೆಗೆದು, ಅದರ ಮೇಲಿದ್ದ ನಂಬರಿಗೆ ಫೋನು ಮಾಡಿದ.

"ಸಿಸ್ಟರ್, ಬೆಳಿಗ್ಗೆ ಅಣ್ಣ ತಮ್ಮ ಇಬ್ರು ಬಂದಿದ್ವಲ್ಲ, ಅದ್ರಲ್ಲಿ ಅಣ್ಣ. ನನ್ನ ಕಾಗದ ತಪ್ಪಾಗಿದೆ."

"ಯಾವ ಪ್ರಶ್ನೆ?"

"ಎಲ್ಲಾ."

ಅವನು ಹೆಂಡತಿಯ ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು, ಒಂದೂ ಅಕ್ಷರ ಬಿಡದೆ ಓದಿದ. ಆರನೇ ವಾರದಿಂದ, ಒಂಬತ್ತು ಸಲ, ರಕ್ತ, ನಾಲ್ಕು ಕಿಲೋ. "ಮುಚ್ಚಿಡಬೇಡಿ" ಎಂಬುದನ್ನೂ ಓದಿಬಿಟ್ಟ.

"ನಾಳೆ ಬೆಳಿಗ್ಗೆ ಪರೀಕ್ಷೆ ಡಬ್ಬಿ ಕಳಿಸ್ಬೇಕು ನೀವು, ಮರೆಯೋ ಹಾಗಿಲ್ಲ," ಎಂದಳು ಅವಳು. ತಗ್ಗಿಸಿದ ದನಿಯಲ್ಲ, ಬೈಯುವ ದನಿ. "ಡಾಕ್ಟ್ರಿಗೆ ಈಗ್ಲೇ ಹೇಳ್ತೀನಿ. ಹತ್ತು ವಾರ ಅನ್ನೋದನ್ನ ಹೊಡೆದುಹಾಕಿ ಕಾರ್ಡಲ್ಲಿ. ಹೊಸ ಕಾಗದ ಫೋನಿಗೆ ಕಳಿಸ್ತೀನಿ, ಊರು ಸೇರೋ ಹೊತ್ತಿಗೆ ತುಂಬಿ ಕಳ್ಸಿ. ಈ ಸಲ ಒಬ್ರೇ ಕೂತ್ಕೊಂಡು ತುಂಬಿ."

ಹೊರಗೆ ತಮ್ಮ ನೀರಿನ ಬಾಟಲಿ ಹಿಡಿದು ನಿಂತಿದ್ದ. ಬಾಗಿಲು ತೆಳ್ಳಗಿತ್ತು, ಎಲ್ಲ ಕೇಳಿಸಿರಬೇಕು. ಬಾಟಲಿ ಕೊಟ್ಟು, "ಈ ರಸ್ತೇಲಿ ಹನ್ನೊಂದಿವೆ," ಅಂದ. "ಕೇಳಿದ್ರೆ ಶೌಚಾಲಯ ಬಿಟ್ಟುಕೊಡೋವ್ರು. ಇದು ನಾಲ್ಕನೇದು."

"ನೀನ್ಯಾಕೆ ಎಣಿಸಿಟ್ಟಿದೀಯ? ನಿಂಗೆ ಬೇಕಾಗಲ್ವಲ್ಲ."

"ಬೇಕಾಗಿಲ್ಲ ಆರು ತಿಂಗಳಿಂದ. ಬೇಕಾಗ್ಬಹುದು ಅಂತ ಇದೆಯಲ್ಲ. ಅದಕ್ಕೇ ಆರು ಹಾಕೋದು, ಏಳು ಹಾಕಲ್ಲ."

ಬಸ್ಸು ಹತ್ತಿದಾಗ ಜನ ಅವನನ್ನು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ಮುದುಕಿ ಮಾತ್ರ "ಈಗ ಸರಿಹೋಯ್ತೇನಪ್ಪ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣು ಮುಚ್ಚಿದಳು. ತನಗೇ ಸಿಗಬೇಕೆಂದು ಅವನು ಹಟ ಹಿಡಿದಿದ್ದ "ಪಾಪ" ಯಾರ ಬಾಯಿಂದಲೂ ಬರಲಿಲ್ಲ. ಬಸ್ಸು ಮತ್ತೆ ರಸ್ತೆಗೆ ಇಳಿದು ಸ್ವಲ್ಪ ದೂರ ಹೋಗುವುದರೊಳಗೆ ಫೋನಿಗೆ ಕಾಗದ ಬಂತು. ಅವನು ತುಂಬತೊಡಗಿದ. ಒಂದು. ಎರಡು. ಒಂದು. ಎರಡು. ಒಂದಕ್ಕೆ ಬೆರಳು ಒತ್ತಿದಾಗಲೆಲ್ಲ ಏನೋ ಸೋತ ಹಾಗಾಗುತ್ತಿತ್ತು. ಎದುರಿನ ಬೆನ್ನನ್ನು ನೋಡಿ ಉರಿ ಮತ್ತೆ ಏಳುತ್ತಿತ್ತು. ಅದು ಹೋಗಿರಲಿಲ್ಲ. ಹೋಗುತ್ತದೆಂದು ಅವನಿಗೆ ನಂಬಿಕೆಯೂ ಇರಲಿಲ್ಲ. ಹೀಗೇ ಇಪ್ಪತ್ತೊಂಬತ್ತಕ್ಕೆ ಬಂದ. ಈ ಸಲ ಓದಿದ: ನಿಮ್ಮ ಕಾಯಿಲೆಯ ವಿಷಯ ತೀರ ಹತ್ತಿರದವರ ಜೊತೆ ಮಾತಾಡಲಾಗದೆ ಒಬ್ಬಂಟಿ ಅನ್ನಿಸಿದ್ದುಂಟೇ?

ಎರಡು ಸಲ ಓದಿದ. ತಮ್ಮನ ಹೆಂಡತಿ, ಅಮ್ಮ, ಸಿಸ್ಟರು, ಕಂಡಕ್ಟರಮ್ಮ, ಕೆನ್ನೆ ತಟ್ಟುವ ಮುದುಕಿ. ತಮ್ಮ ಮಾತಾಡದೆ ಬಿಟ್ಟವರು ಯಾರಿದ್ದಾರೆ ಎಂದು ಒಬ್ಬೊಬ್ಬರನ್ನೇ ತೆಗೆದುಹಾಕುತ್ತ ಹೋದ. ಕೊನೆಗೆ ಉಳಿದವನು ತಾನೊಬ್ಬನೇ. ಮುಂದಕ್ಕೆ ಬಾಗಿ, ಇಂಜಿನಿನ ಸದ್ದಿನಲ್ಲಿ ಕೇಳುವಷ್ಟೇ ದನಿಯಲ್ಲಿ, "ಇಪ್ಪತ್ತೊಂಬತ್ತಕ್ಕೆ ನಾಲ್ಕು ಹಾಕಿದ್ಯಲ್ಲ," ಅಂದ.

ಕನ್ನಡಿಯಲ್ಲಿ ಕಣ್ಣು ಒಮ್ಮೆ ಬಂತು. "ನೋಡ್ಬಿಟ್ಯಾ?"

"ನೋಡ್ದೆ."

"ಮೊದಲು ಬಂದಿದ್ದು ನಿಂಗೆ. ನಿನ್ನ ಕೇಳೋಣ ಅಂತ ಎಷ್ಟೋ ಇರುತ್ತೆ. ನೀನು ಮುಖ ತಿರುಗಿಸ್ತೀಯ." ಎದುರಿಗೆ ಲಾರಿ ಬಂತು, ತಮ್ಮ ಪಕ್ಕಕ್ಕೆ ಸರಿದ, ಲಾರಿ ಹೋಯಿತು. "ನಂಗೆ ಔಷಧ ಹಿಡಿದಿದ್ದಕ್ಕೆ ನಾನೇನು ಮಾಡ್ಲಿ ಅಣ್ಣ?"

ಅಣ್ಣ ಫೋನಿನಲ್ಲಿ ಒಂದಕ್ಕೆ ಬೆರಳು ಒತ್ತಿ ಮುಂದಿನ ಪ್ರಶ್ನೆಗೆ ಹೋದ. ಬಯಲಿನ ಮೇಲೆ ಬಿಸಿಲು ಓರೆಯಾಗಿತ್ತು. ಹಿಂದೆ ಯಾರೋ ಗೊರಕೆ ಹೊಡೆಯುತ್ತಿದ್ದರು. ಮೂವತ್ತೆರಡೂ ಮುಗಿದು, ಕಳಿಸಿ, ಫೋನನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

"ಐದನೇದು ಹದಿನೈದು ನಿಮಿಷಕ್ಕೆ ಬರುತ್ತೆ," ಎಂದ ತಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. "ಶಾಲೆ ಪಕ್ಕದ ಹೋಟ್ಲು. ಬೇಕಾದ್ರೆ ಹೇಳು."

ಹೊಟ್ಟೆ ಸದ್ಯಕ್ಕೆ ತಣ್ಣಗಿತ್ತು. ಆದರೂ ಅವನು ಕೈ ಚಾಚಿ, ಬೆಳಿಗ್ಗೆಯಿಂದ ಕಣ್ಣಿಗೆ ಚುಚ್ಚುತ್ತಿದ್ದ ಆ ಭುಜವನ್ನು ಮುಟ್ಟಿದ.

"ಹೇಳ್ತೀನಿ," ಅಂದ.